ಛತ್ರದಿಂದ ಲಾಡ್ಜಿನವರೆಗೆ

ಕನ್ನಡದಲ್ಲಿ ಹೋಟೆಲು ಎಂದರೆ ಉಣ್ಣುವ ಜಾಗ, ಮಲಗುವ ಜಾಗವಲ್ಲ. ಇಂಗ್ಲಿಷಿನವನೊಬ್ಬ ‘ಹೋಟೆಲಿಗೆ ಹೊರಟೆ’ ಎಂದರೆ ಅವನು ಪರವೂರಿನಲ್ಲಿದ್ದಾನೆ, ರಾತ್ರಿಗೆ ಕೋಣೆ ಹಿಡಿದಿದ್ದಾನೆ ಎಂದು ತಿಳಿಯಬೇಕು. ನಮ್ಮವನು ಅದೇ ಮಾತನ್ನಾಡಿದರೆ ಎರಡು ಇಡ್ಲಿ ತಿಂದು, ಕಾಫಿ ಕುಡಿದು, ಅರ್ಧ ಗಂಟೆಯಲ್ಲಿ ಮನೆಗೆ ಮರಳುವನೆಂದೇ ಅರ್ಥ. ಮಲಗುವುದಕ್ಕೆ ನಮಗೆ ಬೇರೆ ಶಬ್ದ ಬೇಕು, ಅದು ಲಾಡ್ಜು. ಮಾಟುಂಗಾದಲ್ಲಿ ಎ. ರಾಮ ನಾಯಕರು 1942ರಲ್ಲಿ ಆರಂಭಿಸಿದ ಸುಪ್ರಸಿದ್ಧ ಭೋಜನಾಲಯದ ಹೆಸರು ಉಡುಪಿ ಶ್ರೀಕೃಷ್ಣ ಬೋರ್ಡಿಂಗ್. ಹೆಸರು ಬೋರ್ಡಿಂಗ್ ಆದರೂ ಅಲ್ಲಿ ಸಿಗುವುದು ಬಾಳೆಲೆಯ ಊಟವೇ ಹೊರತು ಮಂಚವಲ್ಲ. ಅನ್ನವನ್ನು ಹಣಕ್ಕೆ ಕೊಳ್ಳುವುದಕ್ಕೆ ನಮ್ಮವರು ಬೇಗ ಒಗ್ಗಿಕೊಂಡರು. ಹಾಸಿಗೆಯನ್ನು ಹಣಕ್ಕೆ ಕೊಳ್ಳುವುದಕ್ಕೆ ಮಾತ್ರ ಬಹಳ ಕಾಲ ಹಿಡಿಯಿತು. ರಾತ್ರಿ ತಂಗುವ ಜಾಗವನ್ನು ನೆಂಟರು ಕೊಡಬೇಕು, ಇಲ್ಲವೇ ಧರ್ಮವು ಕೊಡಬೇಕು ಎಂಬುದೇ ನಮ್ಮ ಹಿರಿಯರ ಎಣಿಕೆಯಾಗಿತ್ತು.

ಥಾಣೆ, ಡೊಂಬಿವಲಿ, ಕಲ್ಯಾಣ, ನವಿ ಮುಂಬಯಿಗಳ ನಮ್ಮ ಕನ್ನಡ ಸಂಸಾರಗಳು ಮೇ ತಿಂಗಳಲ್ಲೋ ದಸರೆಯಲ್ಲೋ ಗಂಟುಮೂಟೆ ಕಟ್ಟಿ ಹೊರಡುವಾಗ ಮೊದಲು ಏಳುವ ಪ್ರಶ್ನೆ, ‘ಇಳಿದುಕೊಳ್ಳುವುದು ಎಲ್ಲಿ?’ ಎಂಬುದು. ಅದಕ್ಕೆ ಇಂದು ಕೈಯಲ್ಲಿರುವ ಫೋನೇ ಉತ್ತರ ಹೇಳುತ್ತದೆ. ಆದರೆ ಆ ಉತ್ತರದ ಹಿಂದೆ ಎರಡು ಸಾವಿರ ವರ್ಷಗಳ ಚರಿತ್ರೆಯುಂಟು. ಆ ಚರಿತ್ರೆಯ ಒಂದೆರಡು ಪುಟಗಳು ನಾವು ವಾಸವಾಗಿರುವ ಈ ಪ್ರಾಂತದಲ್ಲಿಯೇ ಬರೆದವು; ಇನ್ನೊಂದೆರಡನ್ನು ನಮ್ಮವರೇ ಬರೆದರು. ತಂಗುದಾಣದ ಚರಿತ್ರೆಯೆಂದರೆ ಅದರ ಬಾಗಿಲಿನಲ್ಲಿ ಬಂದವನನ್ನು ಕೇಳುತ್ತಿದ್ದ ಪ್ರಶ್ನೆಯ ಚರಿತ್ರೆಯೆಂದು ನಮಗೆ ತೋರುತ್ತದೆ. ಆ ಪ್ರಶ್ನೆ ಹೇಗೆ ಬದಲಾಗುತ್ತ ಬಂತೆಂಬುದನ್ನು ಇಲ್ಲಿ ಸ್ವಲ್ಪ ವಿಚಾರಿಸೋಣ.

ಮೌರ್ಯ ಸಾಮ್ರಾಟ ಅಶೋಕನು ದಾರಿಯುದ್ದಕ್ಕೂ ಆಲದ ಮರಗಳನ್ನು ನೆಡಿಸಿದ್ದನ್ನೂ, ಬಾವಿ ತೋಡಿಸಿ ತಂಗುದಾಣಗಳನ್ನು ಕಟ್ಟಿಸಿದ್ದನ್ನೂ ತನ್ನ ಏಳನೆಯ ಸ್ತಂಭಶಾಸನದಲ್ಲಿ ಹೇಳಿಕೊಂಡಿದ್ದಾನೆ. ಇದು ಶಾಲೆಯ ಪಾಠದಲ್ಲಿ ನಾವೆಲ್ಲ ಓದಿದ ವಿಷಯ. ಇದಕ್ಕಿಂತ ನಮಗೆ ಹತ್ತಿರವಾದುದು ನಾಸಿಕದ ಗುಹೆಯೊಂದರಲ್ಲಿರುವ ಉಷವದಾತನ ಶಾಸನ. ಈತನು ಕ್ಷಹರಾತ ವಂಶದ ಅರಸ ನಹಪಾನನ ಅಳಿಯ. ಸುಮಾರು 1900 ವರ್ಷಗಳ ಹಿಂದಿನವನು. ಭರುಕಚ್ಛ, ದಶಪುರ, ಗೋವರ್ಧನ, ಶೂರ್ಪಾರಕ ಎಂಬ ನಾಲ್ಕು ಊರುಗಳಲ್ಲಿ ಚೌಕಮನೆಯ ಆಕಾರದ ತಂಗುದಾಣಗಳನ್ನು ದಾನಮಾಡಿದನೆಂದು ಶಾಸನದಿಂದ ತಿಳಿದುಬರುತ್ತದೆ. ಇವುಗಳಲ್ಲಿ ಶೂರ್ಪಾರಕವೆಂದರೆ ನಮ್ಮ ಪಕ್ಕದ ನಾಲಾ ಸೋಪಾರಾ. ಅದು ಇಂದು ಪಾಲ್ಘರ್ ಜಿಲ್ಲೆಯಲ್ಲಿದ್ದರೂ 2014ರ ವರೆಗೆ ಥಾಣೆ ಜಿಲ್ಲೆಗೇ ಸೇರಿದ್ದಿತು. ಅಷ್ಟೇ ಅಲ್ಲದೆ ದಮಣ, ತಾಪಿ, ಡಹಾಣು ಮೊದಲಾದ ನದಿಗಳಲ್ಲಿ ಪುಣ್ಯಾರ್ಥವಾಗಿ ದೋಣಿಗಳನ್ನಿರಿಸಿ, ಎರಡೂ ದಡಗಳಲ್ಲಿ ಕುಳಿತು ವಿಶ್ರಮಿಸುವ ಚಾವಡಿಗಳನ್ನೂ ಅರವಟ್ಟಿಗೆಗಳನ್ನೂ ಮಾಡಿಸಿದನಂತೆ. ದೋಣಿ, ನೀರು, ನೆರಳು, ಮಲಗುವ ಜಗಲಿ: ಪಯಣಿಗನಿಗೆ ಬೇಕಾದದ್ದು ಅಂದೂ ಇವೇ, ಇಂದೂ ಇವೇ.

ಥಾಣೆಗೂ ಬೋರಿವಲಿಗೂ ನಡುವಣ ಕಾಡಿನಲ್ಲಿರುವ ಕಾನ್ಹೇರಿ ಗುಹೆಗಳಿಗೆ ನಮ್ಮಲ್ಲಿ ಹಲವರು ಮಕ್ಕಳನ್ನು ಕರೆದುಕೊಂಡು ಹೋಗಿರಬಹುದು. ನೂರಕ್ಕೂ ಮಿಕ್ಕ ಗುಹೆಗಳು. ಒಳಗೆ ಭಿಕ್ಷುಗಳು ಮಲಗುತ್ತಿದ್ದ ಕಲ್ಲಿನ ಜಗಲಿ, ಹೊರಗೆ ಮಳೆಯ ನೀರನ್ನು ಹಿಡಿದಿಡುವ ಕಲ್ಲಿನ ತೊಟ್ಟಿ. ಒಂದು ಹಾಸು, ಒಂದು ತೊಟ್ಟಿ ನೀರು; ಇದಕ್ಕಿಂತ ಸರಳವಾದ ಕೋಣೆ ಇನ್ನೊಂದಿಲ್ಲ. ಇವುಗಳಿಗೆ ದಾನಕೊಟ್ಟವರಲ್ಲಿ ಕಲ್ಯಾಣದ ವರ್ತಕರ ಹೆಸರುಗಳು ಕಂಡುಬರುತ್ತವೆ. ಕಲ್ಯಾಣವೆಂದರೆ ನಮ್ಮ ಬೀದರ ಜಿಲ್ಲೆಯ ಬಸವಕಲ್ಯಾಣವಲ್ಲ, ಇದೇ ಲೋಕಲ್ ಗಾಡಿಯ ಕಲ್ಯಾಣ. ಒಂಬತ್ತನೆಯ ಶತಮಾನದ ಕಾನ್ಹೇರಿ ಶಾಸನಗಳಲ್ಲಿ ಮಾನ್ಯಖೇಟದ ರಾಷ್ಟ್ರಕೂಟ ದೊರೆ ಅಮೋಘವರ್ಷನ ಹೆಸರೂ ಉಂಟು. ಆಗ ಉತ್ತರ ಕೊಂಕಣವನ್ನಾಳುತ್ತಿದ್ದ ಶಿಲಾಹಾರರು ಅವನ ಸಾಮಂತರು. ಕಲಬುರಗಿಯ ಕಡೆಯ ಮಳಖೇಡದ ಅರಸನ ಹೆಸರು ಥಾಣೆಯ ಬೆಟ್ಟದ ಬಂಡೆಯ ಮೇಲೆ ಕುಳಿತಿರುವುದನ್ನು ಕಂಡಾಗ, ಕನ್ನಡಕ್ಕೂ ಈ ನೆಲಕ್ಕೂ ಇರುವ ನಂಟು ನಮ್ಮ ತಂದೆ ಅಜ್ಜಂದಿರ ಕಾಲದಿಂದ ಶುರುವಾದುದಲ್ಲವೆಂದು ಮನಸ್ಸಿಗೆ ಹಿತವೆನಿಸುತ್ತದೆ.

ಇನ್ನು ಕರ್ನಾಟಕದ ಕಡೆ ತಿರುಗೋಣ. ಶಿಕಾರಿಪುರ ತಾಲೂಕಿನ ಬಳ್ಳಿಗಾವೆಯಲ್ಲಿ ಕೋಡಿಯ ಮಠವೆಂಬುದಿತ್ತು. 1162ರ ಶಾಸನವೊಂದು ಅದನ್ನು ವರ್ಣಿಸುತ್ತದೆ. ಅಲ್ಲಿ ಶಾಸ್ತ್ರಪಾಠವೂ ನಡೆಯುತ್ತಿತ್ತು. ದೀನರಿಗೆ, ಅನಾಥರಿಗೆ, ಕುಂಟರು ಕುರುಡರಿಗೆ ಅನ್ನವೂ ದೊರೆಯುತ್ತಿತ್ತು. ರೋಗಿಗಳಿಗೆ ಔಷಧವೂ ಸಿಗುತ್ತಿತ್ತು. ಇಂತಹ ಮಠಗಳ, ದೇವಸ್ಥಾನಗಳ, ದೊರೆಗಳ ಮತ್ತು ವರ್ತಕರ ದಾನಬುದ್ಧಿಯಿಂದಲೇ ನಾಡಿನ ಹೆದ್ದಾರಿಗಳಲ್ಲಿ ಛತ್ರಗಳು ಎದ್ದವು. ಛತ್ರವು ಕೊಡುತ್ತಿದ್ದುದು ಮಾಡು, ಗೋಡೆ, ಬಾವಿ, ಒಲೆ ಹೂಡಲು ಒಂದು ಮೂಲೆ. ಹಾಸಿಗೆಯ ಸುರುಳಿ, ಚೊಂಬು, ಅಕ್ಕಿ ಬೇಳೆ ಪಯಣಿಗನ ಬೆನ್ನಿನ ಮೇಲೆಯೇ ಬರಬೇಕು. ಹಾಸಿಗೆ ಇದ್ದಷ್ಟು ಕಾಲು ಚಾಚು ಎಂಬ ಗಾದೆಯನ್ನು ಅಲ್ಲಿ ಅಕ್ಷರಶಃ ಪಾಲಿಸಬೇಕಾಗಿತ್ತು. ಪಕ್ಕದಲ್ಲಿ ಇನ್ನೊಂದು ಸಂಸಾರ ಮಲಗಿರುತ್ತಿತ್ತಷ್ಟೆ.

ರೈಲು ಬಂದ ಮೇಲೆ ಈ ವ್ಯವಸ್ಥೆಯ ಮೇಲೆ ಭಾರ ಬಿದ್ದಿತು. 1853ರ ಏಪ್ರಿಲ್ 16ರಂದು ದೇಶದ ಮೊದಲ ಪ್ರಯಾಣಿಕ ರೈಲು ಬೋರಿಬಂದರದಿಂದ ಥಾಣೆಗೆ ಬಂದಿತೆಂಬುದು ಥಾಣೆಯ ಮಕ್ಕಳಿಗೆಲ್ಲ ಬಾಯಿಪಾಠ. ಅದು 34 ಕಿಲೋಮೀಟರಿನ ದಾರಿ. ಮರು ವರ್ಷದ ಮೇ ತಿಂಗಳಲ್ಲಿ ಹಳಿಯು ಕಲ್ಯಾಣವನ್ನು ಮುಟ್ಟಿತು. ಅಲ್ಲಿಂದ ಒಂದು ಕವಲು ಕಸಾರಾ ಘಾಟಿಗೆ, ಇನ್ನೊಂದು ಬೋರ್ ಘಾಟಿಗೆ ಹೊರಟಿತು. ಎತ್ತಿನ ಗಾಡಿಯ ಪಯಣಿಗನು ಹೊತ್ತು ಮುಳುಗುವ ಮೊದಲೇ ಊರು ಸೇರಿ, ಗುರುತಿನವರ ಜಗಲಿ ಹುಡುಕುತ್ತಿದ್ದನು. ರೈಲಾದರೋ ಸರಿರಾತ್ರಿಯಲ್ಲಿ ನೂರಾರು ಅಪರಿಚಿತರನ್ನು ಗುರುತಿಲ್ಲದ ಊರಿನಲ್ಲಿ ಇಳಿಸಿ ಮುಂದೆ ಹೋಗತೊಡಗಿತು. ಅವರೆಲ್ಲ ಎಲ್ಲಿಗೆ ಹೋಗಬೇಕು? ಈ ಕಷ್ಟವನ್ನು ಕಂಡ ಪುಣ್ಯಾತ್ಮರು ನಿಲ್ದಾಣಗಳ ಮಗ್ಗುಲಲ್ಲಿಯೇ ಛತ್ರ, ಧರ್ಮಶಾಲೆಗಳನ್ನು ಕಟ್ಟಿಸಿದರು. ಬೆಂಗಳೂರಿನ ರೈಲು ನಿಲ್ದಾಣದ ಬಳಿ ವರ್ತಕ ಗುಬ್ಬಿ ತೋಟದಪ್ಪನವರು ಕಟ್ಟಿಸಿದ ಛತ್ರ ಇದಕ್ಕೆ ಒಳ್ಳೆಯ ಉದಾಹರಣೆ. ತಮ್ಮ ಗಳಿಕೆಯನ್ನು ಪರವೂರಿನವರ ನಿದ್ದೆಗಾಗಿ ತೆತ್ತ ಆ ಮಹನೀಯರನ್ನು ನೆನೆಯುವುದು ನಮ್ಮ ಕರ್ತವ್ಯ.

ಆದರೆ ಚರಿತ್ರೆಯನ್ನು ಬರೆಯುವಾಗ ಬೆಳಕನ್ನು ಮಾತ್ರ ಹೇಳಿ ನೆರಳನ್ನು ಬಿಡುವುದು ನ್ಯಾಯವಲ್ಲ. ಅನೇಕ ಛತ್ರ, ಧರ್ಮಶಾಲೆಗಳ ಬಾಗಿಲಿನಲ್ಲಿ ಮೊದಲು ಕೇಳುತ್ತಿದ್ದುದು, ‘ನೀವು ಯಾವ ಪೈಕಿ?’ ಎಂದು. ಉತ್ತರ ಸರಿಬಂದರೆ ಒಳಗೆ, ಇಲ್ಲದಿದ್ದರೆ ಹೊರಗೆ. 1917ರಲ್ಲಿ ಡಾ. ಬಾಬಾಸಾಹೇಬ ಅಂಬೇಡ್ಕರರು ವಿದೇಶದಲ್ಲಿ ವ್ಯಾಸಂಗ ಮಾಡಿ ಬಂದು, ಬರೋಡಾ ಸಂಸ್ಥಾನದ ನೌಕರಿಗೆಂದು ಆ ಊರಿಗೆ ಹೋದರು. ಅಷ್ಟು ದೊಡ್ಡ ವಿದ್ವಾಂಸರಿಗೆ ಆ ಊರಿನಲ್ಲಿ ತಂಗಲು ಒಂದು ಕೋಣೆ ಸಿಗಲಿಲ್ಲ. ಕೊನೆಗೆ ಪಾರಸಿ ಹೆಸರನ್ನು ಇಟ್ಟುಕೊಂಡು ಪಾರಸಿಗಳ ವಸತಿಗೃಹವೊಂದರಲ್ಲಿ ಇಳಿದುಕೊಂಡರು. ಕೆಲವೇ ದಿನಗಳಲ್ಲಿ ನಿಜ ತಿಳಿದು, ಕೋಲು ಹಿಡಿದ ಗುಂಪೊಂದು ಬಂದು ಅವರನ್ನು ಹೊರಗಟ್ಟಿತು. ಕೈಯಲ್ಲಿ ಹಣವಿತ್ತು, ತಲೆಯಲ್ಲಿ ವಿದ್ಯೆಯಿತ್ತು. ಹಾಸಿಗೆ ಮಾತ್ರ ಸಿಗಲಿಲ್ಲ. ಅವರು ಸಾರ್ವಜನಿಕ ಉದ್ಯಾನವೊಂದರಲ್ಲಿ ಕುಳಿತು ಹೊತ್ತು ಕಳೆದು, ರಾತ್ರಿಯ ಗಾಡಿಗೆ ಮುಂಬಯಿಗೆ ಮರಳಿದರು.

ಅವರೇ ಕರಡು ಸಮಿತಿಯ ಅಧ್ಯಕ್ಷರಾಗಿ ರೂಪಿಸಿದ ಸಂವಿಧಾನವು 1950ರ ಜನವರಿ 26ರಂದು ಜಾರಿಗೆ ಬಂದಿತು. ಅದರ 15ನೆಯ ಅನುಚ್ಛೇದದ ಎರಡನೆಯ ಭಾಗದಲ್ಲಿ ಅಂಗಡಿ, ಉಪಾಹಾರಗೃಹಗಳ ಸಾಲಿನಲ್ಲಿಯೇ ಹೋಟೆಲುಗಳ ಹೆಸರೂ ಇದೆ. ಧರ್ಮ, ಜಾತಿ, ಲಿಂಗ ಮೊದಲಾದ ಕಾರಣಗಳಿಂದ ಮಾತ್ರವಲ್ಲ, ಹುಟ್ಟಿದ ಸ್ಥಳದ ಕಾರಣದಿಂದಲೂ ಯಾವ ಪ್ರಜೆಗೂ ಪ್ರವೇಶ ತಪ್ಪಿಸಬಾರದೆಂದು ಅದು ಹೇಳುತ್ತದೆ. ‘ಹುಟ್ಟಿದ ಸ್ಥಳ’ ಎಂಬ ಈ ಮಾತನ್ನು ನಾವು, ಹುಟ್ಟಿದ ನಾಡನ್ನು ಬಿಟ್ಟು ಬಂದವರು, ವಿಶೇಷವಾಗಿ ಗಮನಿಸಬೇಕು. 1955ರ ಅಸ್ಪೃಶ್ಯತಾ ಅಪರಾಧಗಳ ಕಾಯ್ದೆಯು ಹೋಟೆಲಿನ ಜತೆಗೆ ಧರ್ಮಶಾಲೆ, ಸರಾಯಿ, ಮುಸಾಫಿರಖಾನೆಗಳನ್ನೂ ಹೆಸರಿಸಿ, ಅಲ್ಲಿ ಅಂತಹ ಭೇದವನ್ನು ಮಾಡುವುದು ಶಿಕ್ಷಾರ್ಹವೆಂದಿತು. ಹೀಗೆ ‘ಯಾವ ಪೈಕಿ?’ ಎಂಬ ಪ್ರಶ್ನೆ ಹೋಗಿ, ‘ಎಷ್ಟು ಜನ? ಎಷ್ಟು ದಿನ?’ ಎಂಬ ಪ್ರಶ್ನೆ ಬಂದಿತು. ಹಣ ತೆತ್ತು ಕೋಣೆ ಹಿಡಿಯುವ ಲಾಡ್ಜಿನಲ್ಲಿ ಪುಣ್ಯದ ವಾಸನೆ ಇಲ್ಲದಿರಬಹುದು. ಆದರೆ ಅಲ್ಲಿ ಯಾರ ಕೃಪೆಗೂ ಕೈಯೊಡ್ಡಬೇಕಾಗಿಲ್ಲ, ಕುಲ ಹೇಳಬೇಕಾಗಿಲ್ಲ. ಇದೇನು ಸಣ್ಣ ಲಾಭವೇ?

ಈ ಬದಲಾವಣೆಯಲ್ಲಿ ನಮ್ಮವರ ಪಾಲೆಷ್ಟು ಎಂಬುದನ್ನೂ ನೋಡಬೇಕು. ಕಡಂದಲೆಯ ಕೆ. ಕೃಷ್ಣರಾಯರು ಅಡಿಗೆಮನೆಯ ಚಾಕರಿಯಿಂದ ಮೇಲೆ ಬಂದು, 1938ರಲ್ಲಿ ಮದರಾಸಿನ ರಾಯಪೇಟೆಯಲ್ಲಿ ವುಡ್‌ಲ್ಯಾಂಡ್ಸ್ ಎಂಬ ಸಂಸ್ಥೆಯನ್ನು ತೆರೆದರು. ಊಟವೂ ಉಂಟು, ಕೋಣೆಯೂ ಉಂಟು ಎಂಬ ಉಡುಪಿ ಪದ್ಧತಿಗೆ ಅದು ದೊಡ್ಡ ಹೆಸರು ತಂದಿತು. ಮುಂಬಯಿಯಲ್ಲಿಯೂ, ಅಲ್ಲಿಂದ ಹಳಿಯ ಗುಂಟ ಥಾಣೆ, ಡೊಂಬಿವಲಿ, ಕಲ್ಯಾಣಗಳಲ್ಲಿಯೂ ಕರಾವಳಿಯ ಹುಡುಗರು ಲೋಟ ತೊಳೆಯುವುದರಿಂದ ಆರಂಭಿಸಿ, ಮಾಣಿಗಳಾಗಿ, ಗಲ್ಲೆಯ ಮೇಲೆ ಕುಳಿತು, ಕಡೆಗೆ ಕೆಲವರು ಧನಿಗಳೇ ಆದರು. ಸ್ಟೇಷನ್ನಿನ ಎದುರು ಕೆಳಗೆ ಹೋಟೆಲು, ಮಾಳಿಗೆಯ ಮೇಲೆ ನಾಲ್ಕಾರು ಕೋಣೆಗಳ ಲಾಡ್ಜು ಎಂಬುದು ಈ ಪ್ರಾಂತದಲ್ಲಿ ಎಲ್ಲರೂ ಕಂಡ ನೋಟ. ಪರವೂರಿನಿಂದ ಬಂದ ಎಷ್ಟು ವ್ಯಾಪಾರಿಗಳು, ಎಷ್ಟು ಗುಮಾಸ್ತರು, ಎಷ್ಟು ಸಂಸಾರಗಳು ನಮ್ಮವರು ಹಾಸಿದ ಹಾಸಿಗೆಯ ಮೇಲೆ ಮಲಗಿ ಎದ್ದು ಹೋಗಿದ್ದಾರೋ, ಲೆಕ್ಕವಿಟ್ಟವರಿಲ್ಲ.

ಹಾಸಿಗೆ ಹಾಸಿದ ಆ ಹುಡುಗರು ತಾವು ಎಲ್ಲಿ ಮಲಗುತ್ತಿದ್ದರು? ನಮ್ಮ ತಂದೆಯವರು ಥಾಣೆಯ ಹೋಟೆಲೊಂದರಲ್ಲಿ ಕೆಲಸಕ್ಕೆ ಸೇರಿದಾಗ ಅವರಿಗೆ ಹದಿನಾಲ್ಕು ವರ್ಷ. ರಾತ್ರಿ ಹನ್ನೊಂದಕ್ಕೆ ಬಾಗಿಲು ಹಾಕಿ, ನೆಲ ತೊಳೆದು, ಎರಡು ಬೆಂಚುಗಳನ್ನು ಜೋಡಿಸಿ ಅದರ ಮೇಲೆ ಮಲಗುವುದು. ನಾಲ್ಕೂವರೆಗೆ ಹಾಲಿನವನು ಬಾಗಿಲು ಬಡಿಯುವಾಗ ಏಳುವುದು. ಹೀಗೆ ಏಳು ವರ್ಷ. ನಡುವೆ ರಾತ್ರಿ ಶಾಲೆಯಲ್ಲಿ ಓದಿದ್ದೂ ಆ ಬೆಂಚಿನ ಮೇಲೆಯೇ. ನಮ್ಮ ಓದುಗರಲ್ಲಿ ಇಂತಹ ಕಥೆ ಇಲ್ಲದ ಮನೆ ಕಡಿಮೆ. ಬೆಂಚೂ ಸಿಗದವರಿದ್ದರು. ಮಂಗಳೂರಿನ ಜಾರ್ಜ್ ಫರ್ನಾಂಡಿಸರು 1949ರಲ್ಲಿ ಕೆಲಸ ಹುಡುಕಿಕೊಂಡು ಮುಂಬಯಿಗೆ ಬಂದಾಗ ಚೌಪಾಟಿಯ ಬೆಂಚುಗಳೇ ಅವರ ವಸತಿಗೃಹ. ನಡುರಾತ್ರಿ ಪೋಲೀಸರು ಎಬ್ಬಿಸಿ ಓಡಿಸುತ್ತಿದ್ದರೆಂದು ಅವರೇ ಹೇಳಿಕೊಂಡಿದ್ದರು. ಬರುವ ಮೊದಲೇ ಅವರು ಮಂಗಳೂರಿನಲ್ಲಿ ಹೋಟೆಲು ಮತ್ತು ಮೋಟಾರು ಕಾರ್ಮಿಕರನ್ನು ಸಂಘಟಿಸಿದ್ದರು.

ಆ ಕಾಲದಲ್ಲಿ ನಮ್ಮವರಿಗೆ ಊರಿಗೆ ಹೋಗುವುದೆಂದರೆ ತಂಗುವ ಚಿಂತೆಯಿಲ್ಲ, ತಲುಪುವ ಚಿಂತೆ. 1956ರ ಅಕ್ಟೋಬರ್ ಕೊನೆಯವರೆಗೆ ಬೆಳಗಾವಿ, ಧಾರವಾಡ, ವಿಜಾಪುರ, ಕಾರವಾರಗಳು ಮುಂಬಯಿ ರಾಜ್ಯಕ್ಕೇ ಸೇರಿದ್ದುದರಿಂದ ಅಲ್ಲಿಯವರು ಕಲ್ಯಾಣಕ್ಕೆ ಬಂದರೂ ತಮ್ಮ ರಾಜ್ಯದಲ್ಲಿಯೇ ಇದ್ದರು. ಅವರಿಗೆ ಪುಣೆ, ಮಿರಜಿನ ರೈಲಾದರೂ ಇತ್ತು. ದಕ್ಷಿಣ ಕನ್ನಡವು ಮದರಾಸಿನ ಆಡಳಿತದಲ್ಲಿತ್ತು; ಅಲ್ಲಿಗೆ ಕರಾವಳಿಯ ಗುಂಟ ನೇರ ಹಳಿಯೇ ಇರಲಿಲ್ಲ. ಹಡಗಿನಲ್ಲಿ, ಅನಂತರ ಘಾಟಿಯ ಬಸ್ಸಿನಲ್ಲಿ ಮೈ ಕೈ ನೋಯಿಸಿಕೊಂಡು ಮುಟ್ಟಬೇಕು. ಮುಟ್ಟಿದ ಮೇಲೆ ಅಜ್ಜಿಯ ಮನೆಯುಂಟು, ಚಾವಡಿಯುಂಟು, ಚಾಪೆಯುಂಟು. ಚೌಪಾಟಿಯ ಬೆಂಚಿನ ಮೇಲೆ ಮಲಗಿದ್ದ ಆ ಫರ್ನಾಂಡಿಸರೇ 1989ರ ಕೊನೆಯಲ್ಲಿ ರೈಲ್ವೆ ಮಂತ್ರಿಗಳಾದರು. 1990ರಲ್ಲಿ ಕೊಂಕಣ ರೈಲ್ವೆ ನಿಗಮ ಸ್ಥಾಪನೆಯಾಯಿತು; ಅದರ ಮುಖ್ಯ ಕಚೇರಿ ನಮ್ಮ ನವಿ ಮುಂಬಯಿಯ ಬೇಲಾಪುರದಲ್ಲಿಯೇ ಇದೆ. ಇ. ಶ್ರೀಧರನ್ನರ ನೇತೃತ್ವದಲ್ಲಿ ಕಟ್ಟಿದ ಸುಮಾರು 740 ಕಿಲೋಮೀಟರಿನ ಆ ಹಳಿಯು 1998ರ ಜನವರಿ 26ರಂದು ಪೂರ್ತಿಯಾಗಿ ತೆರೆಯಿತು. ಇಂದು ಮಧ್ಯಾಹ್ನ ಥಾಣೆಯಲ್ಲೋ ಪನವೇಲಿನಲ್ಲೋ ಮತ್ಸ್ಯಗಂಧಾ ಹತ್ತಿದರೆ ಮರುದಿನ ಬೆಳಗಿಗೆ ಉಡುಪಿ.

ಇಲ್ಲಿಯೇ ಚರಿತ್ರೆಯ ಒಂದು ವಿಚಿತ್ರವಿದೆ. ಊರು ಹತ್ತಿರವಾದ ಕಾಲಕ್ಕೆ ಮನೆ ದೂರವಾಯಿತು. ಹಿಸ್ಸೆಯಾಗಿ ಮೂಲಮನೆ ಯಾರದೋ ಪಾಲಿಗೆ ಬಂದಿತು, ಕೆಲವು ಮನೆಗಳಿಗೆ ಬೀಗ ಬಿದ್ದಿತು, ಕೆಲವು ಮಾರಾಟವಾದವು. ಮನೆಯಲ್ಲಿ ಉಳಿದ ದೊಡ್ಡಪ್ಪ ದೊಡ್ಡಮ್ಮಂದಿರಿಗೆ ವಯಸ್ಸಾಯಿತು. ಐದಾರು ಜನ ಒಟ್ಟಿಗೆ ಹೋಗಿ ವಾರ ಕುಳಿತರೆ ಅವರಿಗೆ ಭಾರ. ಆದುದರಿಂದ ನಾಗನಿಗೆ ತನು ಹಾಕಲು, ದೈವಕ್ಕೆ ಕೈಮುಗಿಯಲು, ಮಕ್ಕಳಿಗೆ ಸಮುದ್ರ ತೋರಿಸಲು ಊರಿಗೆ ಹೋಗುವ ನಮ್ಮ ಸಂಸಾರಗಳು ಊರಿನ ಪೇಟೆಯಲ್ಲಿಯೇ ಲಾಡ್ಜು ಹಿಡಿಯುತ್ತವೆ. ಬ್ಯಾಂಕಿನ ನೌಕರರಾದ ನಮಗೆ ರಜಾ ಪ್ರಯಾಣದ ಸವಲತ್ತಿನಲ್ಲಿ ಗಾಡಿಯ ಖರ್ಚು ಸಿಗುತ್ತದೆ, ಕೋಣೆಯ ಬಾಡಿಗೆ ಸಿಗುವುದಿಲ್ಲ. ಹೀಗಾಗಿ ಕಡಿಮೆ ದರದ ಕೋಣೆಯೇ ನಮಗೆ ಗತಿ.

ಹೋದ ವರ್ಷ ನಾವು ತಂದೆಯವರನ್ನೂ, ಪತ್ನಿ ಮಕ್ಕಳನ್ನೂ ಕರೆದುಕೊಂಡು ಹೋಗಿದ್ದೆವು. ಇಂದ್ರಾಳಿಯ ಸ್ಟೇಷನ್ನಿನಲ್ಲಿ ಇಳಿದು, ಆಟೋದಲ್ಲಿ ಪೇಟೆಗೆ ಬಂದು, ಮೊದಲೇ ಗೊತ್ತುಮಾಡಿದ್ದ ಲಾಡ್ಜಿನ ಮೆಟ್ಟಿಲು ಹತ್ತಿದೆವು. ಮೇಜಿನ ಹಿಂದಿನ ತರುಣನು ನಮ್ಮ ಆಧಾರ್ ಚೀಟಿಯಲ್ಲಿ ಥಾಣೆಯ ವಿಳಾಸವನ್ನು ಕಂಡು, ಹಿಂದಿಯಲ್ಲಿ ಮಾತು ಶುರುಮಾಡಿದನು. ತಂದೆಯವರು, “ನಾವು ಇಲ್ಲಿಯವರೇ ಮಾರಾಯ್ರೆ, ಕನ್ನಡದಲ್ಲಿಯೇ ಹೇಳಿ” ಎಂದರು. ಅವನು ನಕ್ಕು, “ಹೌದಾ? ಎಷ್ಟು ಜನ ಉಂಟು ಅಜ್ಜ?” ಎಂದು ದಪ್ಪ ಪುಸ್ತಕವನ್ನು ಮುಂದಿಟ್ಟನು. ಹೆಸರು, ವಯಸ್ಸು, ಎಲ್ಲಿಂದ ಬಂದದ್ದು, ಎಲ್ಲಿಗೆ ಹೋಗುವುದು, ಬಂದ ಉದ್ದೇಶ, ಕಾಯಂ ವಿಳಾಸ. ಕೊನೆಯ ಕಲಮಿನಲ್ಲಿ ತಂದೆಯವರ ಕೈ ಸ್ವಲ್ಪ ಹೊತ್ತು ನಿಂತಿತು. ಐವತ್ತು ವರ್ಷ ಎಲ್ಲ ಕಾಗದಗಳಲ್ಲಿಯೂ ಕಾಯಂ ವಿಳಾಸವೆಂದು ಬರೆದುಕೊಂಡು ಬಂದಿದ್ದ ಆ ಮನೆ ಅಲ್ಲಿಂದ ಹನ್ನೆರಡು ಕಿಲೋಮೀಟರಿನಲ್ಲಿತ್ತು; ಅಲ್ಲಿ ಈಗ ಬೇರೆಯವರು ವಾಸವಾಗಿದ್ದರು. ಅವರು ಥಾಣೆಯ ವಿಳಾಸವನ್ನು ಕನ್ನಡ ಅಕ್ಷರಗಳಲ್ಲಿ ಬರೆದು ಸಹಿ ಹಾಕಿದರು.

ಕೋಣೆಯನ್ನು ಒಪ್ಪಿಕೊಳ್ಳುವಾಗ ನಮ್ಮ ಮನೆಯವರು ನೋಡಿದ್ದು ನಾಲ್ಕು ಸಂಗತಿ: ಹೊದಿಕೆ ಒಗೆದದ್ದೋ, ನಲ್ಲಿಯಲ್ಲಿ ನೀರು ಬರುವುದೋ, ಚಿಲಕ ಭದ್ರವೋ, ರಾತ್ರಿ ಕೆಳಗೆ ಯಾರಾದರೂ ಇರುವರೋ. ಬೆಳಿಗ್ಗೆ ಆರರಿಂದ ಒಂಬತ್ತರ ವರೆಗೆ ಬಿಸಿನೀರು. ಇಪ್ಪತ್ತನಾಲ್ಕು ಗಂಟೆಗೆ ಒಂದು ದಿನದ ಲೆಕ್ಕ. ಮಕ್ಕಳಿಗೆ ಹೆಚ್ಚಿನ ಹಾಸಿಗೆಯೊಂದಕ್ಕೆ ಬೇರೆ ಹಣ. ಇದೆಲ್ಲ ಈ ಕಾಲದ ಗೃಹಿಣಿಯ ಚೌಕಾಶಿಯೆಂದು ತಿಳಿಯಬೇಡಿ. 1867ರಲ್ಲಿ ಬ್ರಿಟಿಷ್ ಸರಕಾರ ಮಾಡಿದ ಸರಾಯಿ ಕಾಯ್ದೆಯು ಸರಾಯಿ ನಡೆಸುವವನಿಗೆ ವಿಧಿಸಿದ ಕರ್ತವ್ಯಗಳೂ ಹೆಚ್ಚುಕಡಿಮೆ ಇವೇ. ಕೋಣೆ, ಪಡಸಾಲೆ, ಚರಂಡಿಗಳನ್ನೂ ನೀರಿನ ಬಾವಿಯನ್ನೂ ಶುಚಿಯಾಗಿಡಬೇಕು, ಗೋಡೆ ಬಾಗಿಲುಗಳನ್ನು ದುರಸ್ತಿಯಲ್ಲಿಡಬೇಕು, ಕಾವಲುಗಾರನನ್ನು ನೇಮಿಸಬೇಕು, ಮತ್ತು ದರದ ಪಟ್ಟಿಯನ್ನು, ಜಿಲ್ಲೆಯ ಮ್ಯಾಜಿಸ್ಟ್ರೇಟನು ಹೇಳಿದ ಭಾಷೆಗಳಲ್ಲಿ, ಕಾಣುವಂತೆ ತೂಗುಹಾಕಬೇಕು. ಪಯಣಿಗನು ಓದಬಲ್ಲ ಭಾಷೆಯಲ್ಲಿ ದರವನ್ನು ಬರೆಯುವುದು ಅವನಿಗೆ ಕೊಡುವ ಮೊದಲ ಮರ್ಯಾದೆಯೆಂದು ಆ ಕಾಲದ ಪರಸರಕಾರಕ್ಕೂ ಗೊತ್ತಿತ್ತು. ಇಂದಿನ ಲಾಡ್ಜಿನಲ್ಲಿ ಕನ್ನಡದ ದರಪಟ್ಟಿ ಕೇಳಲು ನಾವೇಕೆ ನಾಚಬೇಕು?

ಲೆಕ್ಕದ ಮನುಷ್ಯರಾದ ನಾವು ತೆರಿಗೆಯ ಒಂದು ಮಾತನ್ನೂ ಹೇಳದೆ ಬಿಡಲಾರೆವು. 2017ರ ಜುಲೈಯಲ್ಲಿ ಜಿ.ಎಸ್.ಟಿ. ಬಂದಾಗ ದಿನಕ್ಕೆ 1,000 ರೂಪಾಯಿಗೆ ಕಡಿಮೆಯ ಕೋಣೆಗೆ ತೆರಿಗೆಯಿರಲಿಲ್ಲ. 2022ರ ಜುಲೈ 18ರಿಂದ ಅದಕ್ಕೂ ನೂರಕ್ಕೆ 12 ಬಿದ್ದಿತು. 2025ರ ಸೆಪ್ಟೆಂಬರ್ 22ರಿಂದ 7,500 ರೂಪಾಯಿಯವರೆಗಿನ ಕೋಣೆಗಳಿಗೆ ದರವು ನೂರಕ್ಕೆ 5ಕ್ಕೆ ಇಳಿಯಿತು. ಎಂದರೆ 900 ರೂಪಾಯಿಯ ಕೋಣೆಗೆ ಮೊದಲು ಏನೂ ಇಲ್ಲ, ಆಮೇಲೆ 108 ರೂಪಾಯಿ, ಅನಂತರ 45 ರೂಪಾಯಿ. ಬಿಲ್ಲು ಕೈಗೆ ಬಂದಾಗ ಇದನ್ನು ನೋಡಿಕೊಳ್ಳುವುದು ಜಿಪುಣತನವಲ್ಲ, ಜಾಣತನ.

ಆ ರಾತ್ರಿಯ ಒಂದು ಸಂಗತಿಯನ್ನು ಮಾತ್ರ ಇಲ್ಲಿ ಬರೆಯಬೇಕು. ಹತ್ತೂವರೆಯ ಹೊತ್ತಿಗೆ ಕುಡಿಯುವ ನೀರಿಗೆಂದು ಕೆಳಗಿಳಿದ ತಂದೆಯವರು ಬಹಳ ಹೊತ್ತಾದರೂ ಮೇಲೆ ಬರಲಿಲ್ಲ. ನಾವು ಮಗನೊಡನೆ ಇಳಿದು ನೋಡಿದರೆ, ಮಧ್ಯಾಹ್ನ ನಮ್ಮ ಪೆಟ್ಟಿಗೆಗಳನ್ನು ಹೊತ್ತು ತಂದಿದ್ದ ರೂಮ್ ಬಾಯ್ ಮೆಟ್ಟಿಲಿನ ಕೆಳಗೆ ಚಾಪೆ ಹಾಸಿಕೊಂಡಿದ್ದನು. ತಂದೆಯವರು ಅವನ ಪಕ್ಕದಲ್ಲಿ ಸ್ಟೂಲಿನ ಮೇಲೆ ಕುಳಿತು, ತಮ್ಮ ಮುಂಬಯಿ ಹಿಂದಿಯಲ್ಲಿ ಅವನ ಊರು, ತಾಯಿತಂದೆ, ತಂಗಿಯರ ವಿಷಯ ಕೇಳುತ್ತಿದ್ದರು. ಒಡಿಶಾದ ಕಡೆಯ ಹುಡುಗ. ಎರಡು ವರ್ಷದಿಂದ ಊರಿಗೆ ಹೋಗಿಲ್ಲ. ಕೋಣೆಗೆ ಬಂದ ಮೇಲೆ ಮಗನು, “ಅಜ್ಜ, ಅವನು ಯಾಕೆ ಅಲ್ಲಿ ಮಲಗುತ್ತಾನೆ?” ಎಂದು ಕೇಳಿದನು. ತಂದೆಯವರು, “ನಾವು ಇಲ್ಲಿ ಮಲಗಿದ್ದೇವಲ್ಲ ಮಗಾ, ಅದಕ್ಕೆ” ಎಂದು ದೀಪ ಆರಿಸಿದರು. ತಮ್ಮ ಬೆಂಚಿನ ಕಥೆಯನ್ನು ಅವರು ಮೊಮ್ಮಗನಿಗೆ ಹೇಳಿದ್ದು ಆ ರಾತ್ರಿಯೇ ಮೊದಲು.

ಈ ಮಾತನ್ನು ನಾವು ಬಹಳ ದಿನ ಯೋಚಿಸಿದೆವು. ಉಷವದಾತನ ತಂಗುದಾಣದಲ್ಲಿಯೂ ಗುಡಿಸುವ ಕೈಗಳಿದ್ದಿರಬೇಕು. ಅವುಗಳ ಹೆಸರು ಕಲ್ಲಿನ ಮೇಲಿಲ್ಲ. ನಮ್ಮ ಹಿಂದಿನ ಪೀಳಿಗೆಯವರ ಹೆಸರೂ ಯಾವ ಲಾಡ್ಜಿನ ಪುಸ್ತಕದಲ್ಲಿಯೂ ಇಲ್ಲ. ಪುಸ್ತಕದಲ್ಲಿ ಬರೆಯುವುದು ಬಂದುಹೋಗುವವರ ಹೆಸರೇ ಹೊರತು, ಹಾಸಿಗೆ ಹಾಸಿದವರದಲ್ಲ. ಒಂದೇ ಪೀಳಿಗೆಯಲ್ಲಿ ನಾವು ಮೇಜಿನ ಆಚೆಯಿಂದ ಈಚೆಗೆ ಬಂದೆವು. ಬಂದುದು ಸಂತೋಷವೇ. ಆದರೆ ಆಚೆ ನಿಂತ ಹೊಸಬನನ್ನು ನಾವು ಹೇಗೆ ಕಾಣುತ್ತೇವೆ ಎಂಬುದರಿಂದಲೇ ನಮ್ಮ ಏಳಿಗೆಯ ಬೆಲೆಯನ್ನು ಕಟ್ಟಬೇಕಾಗುತ್ತದೆ. ಅವನನ್ನು ‘ಏಯ್’ ಎನ್ನದೆ ಹೆಸರಿನಿಂದ ಕರೆಯುವುದು, ಕೋಣೆ ಬಿಡುವಾಗ ಕೈಗೆ ನಾಲ್ಕು ಕಾಸು ಹಾಕುವುದು, ಎರಡು ಕನ್ನಡ ಮಾತು ಕಲಿಸುವುದು. ಇವು ದೊಡ್ಡ ದಾನಗಳಲ್ಲ. ಥಾಣೆಯಲ್ಲಿ ಮರಾಠಿ ಕಲಿಸಿ ನಮ್ಮವರನ್ನು ತಮ್ಮವರನ್ನಾಗಿ ಮಾಡಿಕೊಂಡ ನೆರೆಹೊರೆಯವರು ಮಾಡಿದ್ದೂ ಇದನ್ನೇ.

ಇನ್ನೊಂದು ಮಾತು. ಲಾಡ್ಜಿನ ಬಾಗಿಲಿನಿಂದ ಹೊರಗೆ ಹೋದ ಆ ಹಳೆಯ ಪ್ರಶ್ನೆ ಪೂರ್ತಿಯಾಗಿ ಸತ್ತಿಲ್ಲ. ಇದೇ ನಗರಗಳಲ್ಲಿ ಬಾಡಿಗೆಯ ಮನೆ ಹುಡುಕಲು ಹೊರಟವರಿಗೆ ಅದು ಇಂದಿಗೂ ಎದುರಾಗುತ್ತದೆ: ನಿಮ್ಮದು ಯಾವ ಜಾತಿ, ಏನು ತಿನ್ನುತ್ತೀರಿ, ಎಲ್ಲಿಯವರು? ಒಂದು ರಾತ್ರಿಯ ಕೋಣೆಗೆ ಕೇಳದ ಪ್ರಶ್ನೆಯನ್ನು ಹನ್ನೊಂದು ತಿಂಗಳ ಮನೆಗೆ ಕೇಳುವುದು ಯಾವ ನ್ಯಾಯ? ನಮ್ಮಲ್ಲಿ ಈಗ ಮನೆ ಬಾಡಿಗೆಗೆ ಕೊಡುವಷ್ಟು ಅನುಕೂಲವುಳ್ಳವರು ಇದ್ದಾರೆ. ನಮ್ಮ ಬಾಗಿಲಿನಲ್ಲಾದರೂ ಆ ಪ್ರಶ್ನೆ ಏಳದಿರಲಿ.

ಲಾಡ್ಜು ಮಾಡಲಾರದ ಕೆಲಸವೂ ಒಂದಿದೆ. ಅದಕ್ಕೆ ಇಂದಿಗೂ ಛತ್ರವೇ ಬೇಕು. ವಿಹಾರಕ್ಕಲ್ಲದೆ ಕಷ್ಟಕ್ಕಾಗಿ ಪ್ರಯಾಣ ಮಾಡುವವರಿದ್ದಾರಷ್ಟೆ. ಪರೇಲಿನಲ್ಲಿ 1941ರಲ್ಲಿ ಆರಂಭವಾದ ಟಾಟಾ ಸ್ಮಾರಕ ಆಸ್ಪತ್ರೆಗೂ, ನವಿ ಮುಂಬಯಿಯ ಖಾರ್ಘರಿನಲ್ಲಿರುವ ಅದರ ಕೇಂದ್ರಕ್ಕೂ ಬೇರೆ ಬೇರೆ ರಾಜ್ಯಗಳಿಂದ ರೋಗಿಗಳು ಬರುತ್ತಾರೆ, ಕರ್ನಾಟಕದವರೂ ಅವರಲ್ಲಿದ್ದಾರೆ. ಚಿಕಿತ್ಸೆ ತಿಂಗಳುಗಟ್ಟಲೆ ನಡೆಯುತ್ತದೆ. ದಿನಕ್ಕೆ 900 ರೂಪಾಯಿಯ ಕೋಣೆ ನಮಗೆ ನಾಲ್ಕು ದಿನಕ್ಕೆ ಅಗ್ಗ, ಅವರಿಗೆ ತಿಂಗಳಿಗೆ 27,000 ರೂಪಾಯಿ. ದಾದರಿನ ಗಾಡಗೆ ಮಹಾರಾಜ ಧರ್ಮಶಾಲೆಯಂತಹ ಸಂಸ್ಥೆಗಳು ಅಂಥವರಿಗೆ ಆಸರೆಯಾಗಿವೆ. ಆದರೂ ಆಸ್ಪತ್ರೆಯ ಪಕ್ಕದ ಕಾಲುದಾರಿಯಲ್ಲಿ ರಾತ್ರಿ ಕಳೆಯುವವರನ್ನು ಪರೇಲಿನಲ್ಲಿ ಕಾಣದವರಿಲ್ಲ.

ನಮ್ಮ ಸಂಘಗಳು ಒಡನೆಯೇ ಛತ್ರ ಕಟ್ಟಲಿ ಎಂದು ಹೇಳುವಷ್ಟು ಧನಿಕರು ನಾವಲ್ಲ. ಆದರೆ ಕಡಿಮೆ ಖರ್ಚಿನ ಮೂರು ಕೆಲಸಗಳನ್ನು ಈ ವರ್ಷವೇ ಮಾಡಬಹುದು. ಥಾಣೆಯಿಂದ ಕಲ್ಯಾಣದವರೆಗೆ, ವಾಶಿಯಿಂದ ಪನವೇಲಿನವರೆಗೆ ಶುಚಿಯಾದ, ದರದಲ್ಲಿ ಮೋಸವಿಲ್ಲದ ವಸತಿಗೃಹಗಳ ಹಾಗೂ ಧರ್ಮಶಾಲೆಗಳ ಪಟ್ಟಿಯೊಂದನ್ನು ಕನ್ನಡದಲ್ಲಿ ಮಾಡಿ ಸಂಘದ ಕಚೇರಿಯಲ್ಲಿ ಇಡುವುದು. ರಾತ್ರಿ ಹೊತ್ತು ಬಂದಿಳಿದವರು ಕರೆದರೆ ಕನ್ನಡದಲ್ಲಿ ಉತ್ತರ ಹೇಳುವ ಇಬ್ಬರು ಮೂವರು ಸದಸ್ಯರನ್ನು ಸರದಿಯಲ್ಲಿ ನೇಮಿಸುವುದು. ಲಾಡ್ಜು ನಡೆಸುತ್ತಿರುವ ನಮ್ಮ ಬಂಧುಗಳು ವರ್ಷದಲ್ಲಿ ಒಂದು ಕೋಣೆಯನ್ನಾದರೂ ಕೆಲವು ದಿನ ಇಂಥವರಿಗಾಗಿ ಬಿಟ್ಟುಕೊಡುವುದು. ಪಟ್ಟಿಯನ್ನು ತಯಾರಿಸುವ ಕೆಲಸವನ್ನು ನಾವು ವಹಿಸಿಕೊಳ್ಳಲು ಸಿದ್ಧರಿದ್ದೇವೆ. ಲೆಕ್ಕ ಬರೆಯುವುದು ನಮಗೆ ರೂಢಿ. ಜೊತೆಗೆ ಬರುವವರು ರಾಜ್ಯೋತ್ಸವದ ಸಭೆ ಮುಗಿದ ಮೇಲೆ ಹೆಸರು ಬರೆಸಬೇಕಾಗಿ ಪ್ರಾರ್ಥನೆ.